ಕಾವಲು ವೃತ್ತಿಯ ಜೈನ ಮನೆತನಗಳು: ದಂಡನಾಯಕರಿಂದ ಪೊಲೀಸ್ ಠಾಣೆಯವರೆಗೆ

ಮೈಸೂರಿನ ಕೃಷ್ಣಮೂರ್ತಿಪುರಂ ಬಡಾವಣೆಗೆ ಆ ಹೆಸರು ಬಂದದ್ದು ದಿವಾನ್ ಪಿ. ಎನ್. ಕೃಷ್ಣಮೂರ್ತಿ ಅವರಿಂದ. 1901ರಿಂದ 1906ರವರೆಗೆ ಮೈಸೂರು ಸಂಸ್ಥಾನದ ದಿವಾನರಾಗಿದ್ದ ಅವರು ದಿವಾನ್ ಪೂರ್ಣಯ್ಯನವರ ವಂಶದವರು, ಯಳಂದೂರಿನ ಜಹಗೀರುದಾರರು. ಪೂರ್ಣಯ್ಯನವರಿಗೆ ಆ ಜಹಗೀರು ದೊರೆತದ್ದು 1807ರಲ್ಲಿ. ಹೀಗೆ ಒಂದು ಅಧಿಕಾರಿ ಮನೆತನದ ನೂರು ವರ್ಷದ ಚರಿತ್ರೆ ಒಂದು ಬಡಾವಣೆಯ ಹೆಸರಿನಲ್ಲಿ ಉಳಿದುಕೊಂಡಿದೆ.

ದಿವಾನರ ಹೆಸರು ಬೀದಿಗೆ ಬರುತ್ತದೆ. ಅದೇ ಬೀದಿಯಲ್ಲಿ ರಾತ್ರಿ ಗಸ್ತು ತಿರುಗಿದ ಪೇದೆ, ದಫೇದಾರ, ಸಬ್ ಇನ್‌ಸ್ಪೆಕ್ಟರ್‌ಗಳ ಹೆಸರು ಅವರ ಮನೆಯ ಟ್ರಂಕಿನಲ್ಲಿರುವ ಕಾಗದಪತ್ರದಲ್ಲಿ ಮಾತ್ರ ಉಳಿಯುತ್ತದೆ. ಹಳೆಯ ಮನೆ ಮಾರಿ ಮಕ್ಕಳು ಬೇರೆ ಊರಿಗೆ ಹೋದಾಗ ಆ ಕಾಗದಗಳು ರದ್ದಿಗೆ ಸೇರುವುದೂ ಉಂಟು. ಅಜ್ಜ, ಮಗ, ಮೊಮ್ಮಗಳು ಎಂದು ಎರಡು ಮೂರು ತಲೆಮಾರು ಕಾನೂನು ಕಾಯುವ ಕೆಲಸದಲ್ಲಿದ್ದ ಜೈನ ಕುಟುಂಬಗಳು ತಮ್ಮ ಚರಿತ್ರೆಯನ್ನು ಬರೆದಿಡಲು ನೆರವಾಗಲೆಂದು ಈ ವೃತ್ತಿಯ ಹಿನ್ನೆಲೆ, ದಾಖಲೆಗಳು ಸಿಗುವ ಸ್ಥಳಗಳು ಮತ್ತು ಬರೆಯುವಾಗ ಗಮನಿಸಬೇಕಾದ ಅಂಶಗಳನ್ನು ಇಲ್ಲಿ ಕೊಡಲಾಗಿದೆ.

ಶಾಸನಗಳಲ್ಲಿ ಉಳಿದ ಮನೆತನಗಳು

ಹಿಂದಿನ ರಾಜ್ಯಗಳಲ್ಲಿ ಸೈನ್ಯ, ಆಡಳಿತ, ಪೊಲೀಸ್ ಎಂಬ ವಿಂಗಡಣೆ ಇರಲಿಲ್ಲ. ಗಡಿ ಕಾಯುವವನೇ ಕಳ್ಳರನ್ನೂ ಹಿಡಿಸುತ್ತಿದ್ದ, ತನ್ನ ಸೀಮೆಯಲ್ಲಿ ನ್ಯಾಯವನ್ನೂ ಹೇಳುತ್ತಿದ್ದ. ದಂಡನಾಯಕ ಎಂಬ ಪದದಲ್ಲಿರುವ ‘ದಂಡ’ಕ್ಕೆ ಸೈನ್ಯ, ಶಿಕ್ಷೆ ಎಂಬ ಎರಡೂ ಅರ್ಥಗಳಿವೆ. ಆದ್ದರಿಂದ ದಂಡನಾಯಕರನ್ನು ಇಂದಿನ ಅರ್ಥದ ಪೊಲೀಸ್ ಅಧಿಕಾರಿಗಳೆಂದು ಕರೆಯುವುದು ಸರಿಯಲ್ಲ. ಆದರೆ ಅಧಿಕಾರದ ಹುದ್ದೆಯನ್ನು ತಲೆಮಾರುಗಳ ಕಾಲ ನಡೆಸಿದ ಜೈನ ಕುಟುಂಬಗಳ ಅತ್ಯಂತ ಸ್ಪಷ್ಟ ದಾಖಲೆ ಸಿಗುವುದು ಅವರಲ್ಲಿಯೇ.

ವಿಷ್ಣುವರ್ಧನನ ದಂಡನಾಯಕ ಗಂಗರಾಜನ ಮನೆಯವರನ್ನು ಶ್ರವಣಬೆಳಗೊಳದ ಬಸದಿಗಳ ಮೂಲಕವೇ ಗುರುತಿಸಬಹುದು. ತಾಯಿ ಪೋಚಿಕಬ್ಬೆಗಾಗಿ ಕಟ್ಟಿಸಿದ್ದು ಕತ್ತಲೆ ಬಸದಿ. ಹೆಂಡತಿ ಲಕ್ಷ್ಮಿ ಕಟ್ಟಿಸಿದ್ದು ಎರಡುಕಟ್ಟೆ ಬಸದಿ. ಗೊಮ್ಮಟಮೂರ್ತಿಯ ಸುತ್ತಾಲಯ ಗಂಗರಾಜನದು. ಅವನ ಮಗ ಬೊಪ್ಪ ತಂದೆಯ ನೆನಪಿಗೆ ಹಳೇಬೀಡಿನಲ್ಲಿ 1133ರಲ್ಲಿ ಪಾರ್ಶ್ವನಾಥ ಬಸದಿಯನ್ನು ಕಟ್ಟಿಸಿದ. ತಾಯಿ, ಹೆಂಡತಿ, ಮಗ ಎಲ್ಲರ ಹೆಸರೂ ಉಳಿದಿರುವ ಈ ಮನೆತನದ ಚರಿತ್ರೆಯಿಂದ ಇಂದಿನ ಕುಟುಂಬಗಳು ಕಲಿಯಬೇಕಾದದ್ದಿದೆ. ಹುದ್ದೆಯಲ್ಲಿದ್ದವನ ಹೆಸರನ್ನು ಮಾತ್ರ ಬರೆದರೆ ಅದು ಮನೆತನದ ಚರಿತ್ರೆಯಾಗುವುದಿಲ್ಲ.

ಇನ್ನೊಂದು ಉದಾಹರಣೆ ಮರಿಯಾನೆ ಮತ್ತು ಭರತ ದಂಡನಾಯಕರದು. ಚಿಕ್ಕಮಗಳೂರು ಸೀಮೆಯ ಸಿಂದಿಗೆರೆಯ ಒಡೆತನ ವಿನಯಾದಿತ್ಯನ ಕಾಲದಲ್ಲಿ ಈ ವಂಶದ ಹಿರಿಯ ಮರಿಯಾನೆಗೆ ಬಂತು. 1103ರಲ್ಲಿ ಒಂದನೆಯ ಬಲ್ಲಾಳನು ಅದೇ ವಂಶದ ಇನ್ನೊಬ್ಬ ಮರಿಯಾನೆಯ ಮೂವರು ಹೆಣ್ಣುಮಕ್ಕಳನ್ನು ಮದುವೆಯಾದಾಗ ಅದನ್ನು ಮತ್ತೆ ಕೊಟ್ಟ. ಮುಂದೆ ವಿಷ್ಣುವರ್ಧನನು ಸಹೋದರರಾದ ಮರಿಯಾನೆ, ಭರತರಿಗೆ ಮತ್ತೊಮ್ಮೆ ಅದನ್ನು ಊರ್ಜಿತಗೊಳಿಸಿದ. ಶ್ರವಣಬೆಳಗೊಳದಲ್ಲಿ ಭರತ-ಬಾಹುಬಲಿಯರ ಮೂರ್ತಿಗಳನ್ನೂ ದೊಡ್ಡ ಮೆಟ್ಟಿಲ ಸಾಲನ್ನೂ ಮಾಡಿಸಿದವನು, ಗಂಗವಾಡಿಯ 200 ಬಸದಿಗಳನ್ನು ಜೀರ್ಣೋದ್ಧಾರ ಮಾಡಿಸಿದವನು ಈ ಭರತನೇ ಎಂದು ಶಾಸನ ಹೇಳುತ್ತದೆ. ಮೂರು ಅರಸರ ಕಾಲದಲ್ಲಿ ಮೂರು ಬಾರಿ ಅದೇ ಊರನ್ನು ಕೊಡಬೇಕಾಯಿತು ಎಂಬುದನ್ನು ಗಮನಿಸಬೇಕು. ವಂಶಪಾರಂಪರ್ಯ ಎಂದು ನಾವು ಕರೆಯುವ ಅಧಿಕಾರಕ್ಕೂ ಪ್ರತಿ ತಲೆಮಾರಿನಲ್ಲಿ ಹೊಸದಾಗಿ ಮನ್ನಣೆ ಬೇಕಿತ್ತು.

ಪಟೇಲಿಕೆ, ಪಾಟೀಲಿಕೆ ಮತ್ತು ಬೀಡು

ಹಳ್ಳಿಗಳಲ್ಲಿ ಕಾವಲಿನ ಹೊಣೆ ಪಟೇಲ, ತಳವಾರ, ತೋಟಿಗಳದ್ದು. ಅಪರಿಚಿತರ ಮೇಲೆ ಕಣ್ಣಿಡುವುದು, ಕಳುವಾದಾಗ ಹೆಜ್ಜೆಯ ಜಾಡು ಹಿಡಿಯುವುದು, ಬೆಳೆ ಕಾಯುವುದು, ಅಪರಾಧದ ಸುದ್ದಿಯನ್ನು ಮೇಲಿನವರಿಗೆ ಮುಟ್ಟಿಸುವುದು ಅವರ ಕೆಲಸ. ಸಂಬಳದ ಬದಲು ಇನಾಮು ಜಮೀನು ಮತ್ತು ಸುಗ್ಗಿಯಲ್ಲಿ ಧಾನ್ಯದ ಪಾಲು ಸಿಗುತ್ತಿತ್ತು.

ಮುಂಬೈ ಪ್ರಾಂತ್ಯಕ್ಕೆ ಸೇರಿದ್ದ ಬೆಳಗಾವಿ, ಧಾರವಾಡ, ವಿಜಯಪುರ ಭಾಗಗಳಲ್ಲಿ 1867ರ ಗ್ರಾಮ ಪೊಲೀಸ್ ಕಾಯ್ದೆಯು ಪೊಲೀಸ್ ಪಾಟೀಲರ ಹೊಣೆಯನ್ನು ನಿಗದಿಪಡಿಸಿತು. ಅನುಮಾನಾಸ್ಪದ ಸಾವು ಸಂಭವಿಸಿದರೆ ಪಂಚರನ್ನು ಕೂಡಿಸಿ ಪಂಚನಾಮೆ ಮಾಡುವುದು, ಸಣ್ಣಪುಟ್ಟ ಹೊಡೆದಾಟ ಬೈಗುಳದ ಪ್ರಕರಣಗಳಲ್ಲಿ ಅಲ್ಪಾವಧಿಗೆ ಕೂಡಿಹಾಕುವುದು ಅವರ ಅಧಿಕಾರದಲ್ಲಿತ್ತು. ನಿಜಾಮರ ಹೈದರಾಬಾದ್ ಸಂಸ್ಥಾನದ ಕನ್ನಡ ಜಿಲ್ಲೆಗಳಲ್ಲಿ ಕಂದಾಯಕ್ಕೆ ಮಾಲಿಪಾಟೀಲ, ಕಾವಲಿಗೆ ಪೊಲೀಸ್ ಪಾಟೀಲ ಎಂದು ಎರಡು ಹುದ್ದೆಗಳಿದ್ದವು. ಆ ಎರಡೂ ಇಂದು ಅಡ್ಡಹೆಸರುಗಳಾಗಿ ಉಳಿದಿವೆ. ಬೆಳಗಾವಿ, ಕೊಲ್ಹಾಪುರ, ಸಾಂಗಲಿ ಭಾಗದ ಜೈನ ರೈತ ಕುಟುಂಬಗಳಲ್ಲಿ ಪಾಟೀಲ ಎಂಬ ಅಡ್ಡಹೆಸರು ಅಷ್ಟು ಸಾಮಾನ್ಯವಾಗಿರುವುದರ ಹಿಂದೆ ಈ ಗ್ರಾಮಾಧಿಕಾರದ ಚರಿತ್ರೆಯಿದೆ. ಆದರೆ ಅಡ್ಡಹೆಸರು ಪಾಟೀಲ ಎಂದ ಮಾತ್ರಕ್ಕೆ ಪೊಲೀಸ್ ಪಾಟೀಲಿಕೆ ನಡೆಸಿದ ಮನೆತನ ಎಂದು ತೀರ್ಮಾನಿಸಬಾರದು. ಕಂದಾಯದ ಪಾಟೀಲಿಕೆಯೂ ಇರಬಹುದು, ಭಾವಬಂಧುಗಳ ಪಾಲಿನ ಸರದಿಯೂ ಇರಬಹುದು.

ತುಳುನಾಡಿನಲ್ಲಿ ಚಿತ್ರ ಬೇರೆ. ಅಲ್ಲಿ ಬಲ್ಲಾಳರ ಬೀಡು, ಗುತ್ತಿನ ಮನೆಗಳು ಊರಿನ ನ್ಯಾಯದ ಕೇಂದ್ರಗಳಾಗಿದ್ದವು. ಧರ್ಮಸ್ಥಳದ ಜೈನ ಪೆರ್ಗಡೆ ಮನೆತನದ ಹೆಗ್ಗಡೆಯವರು ಜನರ ವ್ಯಾಜ್ಯ ಕೇಳಿ ತೀರ್ಮಾನ ಹೇಳುವ ಪದ್ಧತಿಗೆ ‘ಹೊಯಿಲು’ ಎಂದು ಹೆಸರು. 1968ರ ಅಕ್ಟೋಬರ್ 24ರಂದು ಪೀಠವನ್ನೇರಿದ ಡಾ. ಡಿ. ವೀರೇಂದ್ರ ಹೆಗ್ಗಡೆಯವರು ಈ ಸಾಲಿನಲ್ಲಿ 21ನೆಯವರು. ಲಾಠಿ, ಲಾಕಪ್ಪು ಯಾವುದೂ ಇಲ್ಲದೆ, ಕೊಟ್ಟ ಮಾತಿನ ಭಯಭಕ್ತಿಯಿಂದಲೇ ನಡೆಯುವ ವ್ಯವಸ್ಥೆ ಇದು.

ತುಳುನಾಡಿನ ಅನೇಕ ಜೈನ ಮನೆತನಗಳಲ್ಲಿ ಅಳಿಯಸಂತಾನ ಪದ್ಧತಿ ಇದ್ದುದರಿಂದ ಯಜಮಾನಿಕೆ ಸೋದರಮಾವನಿಂದ ಅಳಿಯನಿಗೆ ಹೋಗುತ್ತಿತ್ತು. ಅಂಥ ಮನೆತನದ ವಂಶವೃಕ್ಷವನ್ನು ತಂದೆ-ಮಗ ಎಂದು ಬರೆಯುತ್ತ ಹೋದರೆ ಎರಡನೆಯ ತಲೆಮಾರಿಗೇ ದಾರಿ ತಪ್ಪುತ್ತದೆ. ತಾಯಿಯ ಕಡೆಯಿಂದ ಬರೆಯಬೇಕು.

ಹಳೆಯ ಮೈಸೂರು ಪ್ರಾಂತ್ಯದಲ್ಲಿ ವಂಶಪಾರಂಪರ್ಯ ಗ್ರಾಮಾಧಿಕಾರ ಕೊನೆಗೊಂಡದ್ದು 1961ರ ಗ್ರಾಮಾಧಿಕಾರಿಗಳ ಹುದ್ದೆ ರದ್ದತಿ ಕಾಯ್ದೆಯಿಂದ. ಅದು 1963ರ ಫೆಬ್ರವರಿ 1ರಂದು ಜಾರಿಗೆ ಬಂತು. ಪಟೇಲರ ಮಗ ಪಟೇಲನೇ ಆಗುವ ಕಾಲ ಅಂದಿಗೆ ಮುಗಿಯಿತು. ಪಟೇಲರ ಕೈಕೆಳಗೆ ದುಡಿದ ತಳವಾರ, ತೋಟಿ ಕುಟುಂಬಗಳಿಗೆ ಬಿಟ್ಟಿ ಚಾಕರಿಯ ಹೊರೆಯೂ ಅಂದಿಗೆ ಕಾನೂನಿನಲ್ಲಿ ಇಳಿಯಿತು. ಪಟೇಲಿಕೆಯ ಮನೆತನಗಳು ತಮ್ಮ ಚರಿತ್ರೆಯನ್ನು ಬರೆಯುವಾಗ ಈ ಎರಡನೆಯ ಮಾತನ್ನೂ ಬರೆಯುವುದು ನ್ಯಾಯ.

ವಂಶದ ಹಕ್ಕಿನಿಂದ ಸರ್ಕಾರಿ ಸೇವೆಗೆ

ಮೈಸೂರಿನಲ್ಲಿ ಪೂರ್ಣಯ್ಯನವರ ಕಾಲದಿಂದ ಹಲವು ದಶಕ ‘ಕಂದಾಚಾರ’ದವರು ಅರೆ ಸೈನಿಕರೂ ಅರೆ ಪೊಲೀಸರೂ ಆಗಿ ದುಡಿದರು. ಆಗ ತಾಲ್ಲೂಕಿನ ಅಮಲ್ದಾರರಿಗೇ ಪೊಲೀಸ್ ಅಧಿಕಾರವೂ ಇತ್ತು. 1885ರಲ್ಲಿ ಎಲ್. ರಿಕೆಟ್ಸ್ ಮೈಸೂರಿನ ಮೊದಲ ಇನ್‌ಸ್ಪೆಕ್ಟರ್ ಜನರಲ್ ಆದರು. 1908ರಲ್ಲಿ ಮೈಸೂರು ಪೊಲೀಸ್ ಕಾಯ್ದೆ ಬಂತು. ಇಲ್ಲಿಂದ ಮುಂದೆ ನೇಮಕ, ಸಂಬಳ, ವರ್ಗಾವಣೆ, ಪಿಂಚಣಿ ಎಲ್ಲಕ್ಕೂ ಕಾಗದವಿದೆ. ಕುಟುಂಬ ಚರಿತ್ರೆ ಬರೆಯುವವರಿಗೆ ಇದು ದೊಡ್ಡ ಅನುಕೂಲ.

1956ರ ನವೆಂಬರ್ 1ರಂದು ಏಕೀಕರಣವಾದಾಗ ಮೈಸೂರು, ಮುಂಬೈ, ಹೈದರಾಬಾದ್, ಮದ್ರಾಸ್, ಕೊಡಗು ಎಂಬ ಐದು ಆಡಳಿತಗಳ ಪೊಲೀಸರು ಒಂದೇ ಇಲಾಖೆಗೆ ಸೇರಿದರು. ಎಲ್ಲರಿಗೂ ಒಂದೇ ಕಾನೂನು ಬಂದದ್ದು 1963ರ ಪೊಲೀಸ್ ಕಾಯ್ದೆಯಿಂದ. ಅದು ಜಾರಿಗೆ ಬಂದ 1965ರ ಏಪ್ರಿಲ್ 2ರ ನೆನಪಿಗಾಗಿಯೇ ಪ್ರತಿವರ್ಷ ಆ ದಿನ ಪೊಲೀಸ್ ಧ್ವಜ ದಿನಾಚರಣೆ ನಡೆಯುತ್ತದೆ. ಮುಖ್ಯಮಂತ್ರಿ ಪದಕ ಪ್ರದಾನವೂ ಆ ಸಮಾರಂಭದಲ್ಲೇ. ಅಕ್ಟೋಬರ್ 21ರ ಹುತಾತ್ಮರ ದಿನವು 1959ರಲ್ಲಿ ಲಡಾಖಿನ ಹಾಟ್ ಸ್ಪ್ರಿಂಗ್ಸ್‌ನಲ್ಲಿ ಪ್ರಾಣ ತೆತ್ತ ಹತ್ತು ಪೊಲೀಸರ ನೆನಪಿನದು.

ಇಂದು ಪಿಎಸ್‌ಐ ಅಥವಾ ಡಿವೈಎಸ್‌ಪಿ ಆಗಬೇಕಾದವರು ಪರೀಕ್ಷೆ ಬರೆದು, ದೇಹದಾರ್ಢ್ಯದಲ್ಲಿ ಗೆದ್ದು, ಮೈಸೂರಿನ ಕರ್ನಾಟಕ ಪೊಲೀಸ್ ಅಕಾಡೆಮಿಯಲ್ಲಿ ತರಬೇತಿ ಪಡೆಯಬೇಕು. ಅಪ್ಪ ಇನ್‌ಸ್ಪೆಕ್ಟರ್ ಆಗಿದ್ದರೆಂದು ಮಗಳಿಗೆ ಒಂದು ಅಂಕವೂ ಹೆಚ್ಚು ಸಿಗದು. ಹೆಣ್ಣುಮಕ್ಕಳಿಗೆ ಈ ದಾರಿ ತೆರೆದದ್ದೂ ಹುದ್ದೆ ವಂಶದ ಕೈತಪ್ಪಿದ ಮೇಲೆಯೇ. 2017ರಲ್ಲಿ ನೀಲಮಣಿ ಎನ್. ರಾಜು ಅವರು ರಾಜ್ಯ ಪೊಲೀಸ್ ಮುಖ್ಯಸ್ಥರಾದ ಮೊದಲ ಮಹಿಳೆಯಾದರು.

ಅಹಿಂಸಾಣುವ್ರತ ಮತ್ತು ಲಾಠಿ

ಅಹಿಂಸೆಯನ್ನು ಪರಮಧರ್ಮವೆಂದು ನಂಬಿದ ಮನೆಯವರು ಲಾಠಿ, ಬಂದೂಕು ಹಿಡಿಯಬಹುದೇ ಎಂಬ ಪ್ರಶ್ನೆಯನ್ನು ಪೊಲೀಸ್ ವೃತ್ತಿಯ ಜೈನ ಕುಟುಂಬಗಳು ಆಗಾಗ ಎದುರಿಸುತ್ತವೆ. ಶ್ರಾವಕಾಚಾರವು ಹಿಂಸೆಯನ್ನು ನಾಲ್ಕು ಬಗೆಯಾಗಿ ನೋಡುತ್ತದೆ: ಬೇಕೆಂದೇ ಮಾಡುವ ಸಂಕಲ್ಪೀ ಹಿಂಸೆ, ಮನೆಗೆಲಸದ ಆರಂಭೀ ಹಿಂಸೆ, ಜೀವನೋಪಾಯದ ಉದ್ಯೋಗೀ ಹಿಂಸೆ, ರಕ್ಷಣೆಗಾಗಿ ಎದುರು ನಿಲ್ಲುವಾಗ ಆಗುವ ವಿರೋಧೀ ಹಿಂಸೆ. ಗೃಹಸ್ಥನು ಪೂರ್ತಿಯಾಗಿ ಬಿಡಬೇಕಾದದ್ದು ಮೊದಲನೆಯದನ್ನು. ಉಳಿದವುಗಳಲ್ಲಿ ಎಚ್ಚರದಿಂದ, ಸಾಧ್ಯವಾದಷ್ಟು ಕಡಿಮೆ ಮಾಡುತ್ತ ನಡೆಯಬೇಕು. ಮುನಿಗಳ ಮಹಾವ್ರತಕ್ಕೂ ಗೃಹಸ್ಥರ ಅಣುವ್ರತಕ್ಕೂ ಇರುವ ವ್ಯತ್ಯಾಸ ಇದೇ.

ಹತ್ತನೆಯ ಶತಮಾನದ ಸೋಮದೇವಸೂರಿಗಳು ‘ನೀತಿವಾಕ್ಯಾಮೃತ’ದಲ್ಲಿ ದಂಡನೀತಿಗೆ ಒಂದು ಅಧ್ಯಾಯವನ್ನೇ ಮೀಸಲಿಟ್ಟಿದ್ದಾರೆ. ವೈದ್ಯಶಾಸ್ತ್ರ ರೋಗದೋಷವನ್ನು ಕಳೆಯುವಂತೆ ದಂಡವು ತಪ್ಪಿನ ದೋಷವನ್ನು ಕಳೆಯಬೇಕು ಎಂಬುದು ಅವರ ನಿಲುವು. ಮದ್ದಿನ ಅಳತೆ ತಪ್ಪಿದರೆ ಅದೇ ವಿಷವಾದೀತು ಎಂಬ ಎಚ್ಚರಿಕೆಯೂ ಈ ಹೋಲಿಕೆಯಲ್ಲಿ ಅಡಗಿದೆ.

ಆ ಅಳತೆ ಯಾವುದು ಎಂಬುದಕ್ಕೆ ‘ತತ್ತ್ವಾರ್ಥಸೂತ್ರ’ದ ಏಳನೆಯ ಅಧ್ಯಾಯದಲ್ಲಿ ಉತ್ತರವಿದೆ. ಅಹಿಂಸಾಣುವ್ರತಕ್ಕೆ ಅಲ್ಲಿ ಹೇಳಿರುವ ಐದು ಅತಿಚಾರಗಳು ಕಟ್ಟಿಹಾಕುವುದು, ಹೊಡೆಯುವುದು, ಅಂಗ ಊನ ಮಾಡುವುದು, ಮಿತಿಮೀರಿದ ಹೊರೆ ಹೊರಿಸುವುದು ಮತ್ತು ಅನ್ನ-ನೀರು ತಡೆಯುವುದು. ಸಾಮಾನ್ಯವಾಗಿ ಇವನ್ನು ದನಕರುಗಳ ಉದಾಹರಣೆಯಿಂದ ವಿವರಿಸುತ್ತಾರೆ. ಠಾಣೆಯಲ್ಲಿ ಕೆಲಸ ಮಾಡುವವರಿಗೆ ಮಾತ್ರ ಇದು ಲಾಕಪ್ಪಿನ ಕೋಣೆಗೆ ಬರೆದ ಪಟ್ಟಿಯಂತೆ ಕಾಣುತ್ತದೆ. ಡಿ. ಕೆ. ಬಸು ಪ್ರಕರಣದಲ್ಲಿ ಸುಪ್ರೀಂ ಕೋರ್ಟು 1996ರ ಡಿಸೆಂಬರ್‌ನಲ್ಲಿ ಕೊಟ್ಟ ಹನ್ನೊಂದು ನಿರ್ದೇಶನಗಳ ಉದ್ದೇಶವೂ ಬಂಧಿತನ ದೇಹವನ್ನು ಕಾಪಾಡುವುದೇ ಆಗಿದೆ. ಬಂಧಿಸುವವರು ಹೆಸರಿನ ಪಟ್ಟಿ ಧರಿಸಬೇಕು, ಸಾಕ್ಷಿಯ ಸಹಿಯೊಂದಿಗೆ ಬಂಧನದ ಮೆಮೊ ಬರೆಯಬೇಕು, ಬಂಧುವಿಗೆ ತಿಳಿಸಬೇಕು, 48 ಗಂಟೆಗೊಮ್ಮೆ ವೈದ್ಯರಿಂದ ತಪಾಸಣೆ ಮಾಡಿಸಬೇಕು ಎಂಬವು ಅವುಗಳಲ್ಲಿ ಕೆಲವು. ಅಚೌರ್ಯಾಣುವ್ರತದ ಅತಿಚಾರಗಳಲ್ಲಿಯೂ ಕಳ್ಳನಿಗೆ ಪ್ರೇರಣೆ ಕೊಡುವುದು, ಕದ್ದ ಮಾಲು ಪಡೆಯುವುದು, ರಾಜ್ಯದ ಕಟ್ಟಳೆ ಮೀರುವುದು ಸೇರಿವೆ.

ಆದ್ದರಿಂದ ‘ನಮ್ಮ ಅಜ್ಜ ಪೊಲೀಸರಾಗಿದ್ದರು’ ಎನ್ನುವುದಕ್ಕಿಂತ ‘ನಮ್ಮ ಅಜ್ಜ ಕೈಗೆ ಸಿಕ್ಕಿದ ಆರೋಪಿಗೆ ಮೊದಲು ಊಟ ಕೊಡಿಸುತ್ತಿದ್ದರು’ ಎಂದು ಯಾರಾದರೂ ಹೇಳಬಲ್ಲವರಾದರೆ ಆ ಮಾತನ್ನು ಬರೆದಿಡಬೇಕು. ಶಿಸ್ತುಕ್ರಮ, ಅಮಾನತಿನಂಥ ಸಂಗತಿಗಳಿದ್ದರೆ ಅವನ್ನೂ ಇದ್ದಂತೆ ಬರೆಯಬೇಕು. ಹೊಗಳಿಕೆಯಿಂದ ತುಂಬಿದ ಮನೆತನದ ಚರಿತ್ರೆಯನ್ನು ಮೊಮ್ಮಕ್ಕಳು ನಂಬುವುದಿಲ್ಲ.

ಮನೆಯವರ ಪಾಲು

ವರ್ಗಾವಣೆಯಾದಂತೆ ಶಾಲೆ ಬದಲಿಸುವ ಮಕ್ಕಳು, ಹಬ್ಬದ ದಿನ ಖಾಲಿ ಇರುವ ಯಜಮಾನರ ಮಣೆ, ಇವು ಎಲ್ಲ ಪೊಲೀಸ್ ಮನೆಗಳ ಅನುಭವ. ಜೈನ ಮನೆಗಳಲ್ಲಿ ಇನ್ನೆರಡು ತೊಡಕುಗಳಿವೆ. ಸೂರ್ಯಾಸ್ತದೊಳಗೆ ಊಟ ಮುಗಿಸುವ ನಿಯಮ ಬಂದೋಬಸ್ತಿನ ದಿನಗಳಲ್ಲಿ ಪಾಲಿಸುವುದು ಕಷ್ಟ. ಡಬ್ಬಿ ಕಟ್ಟಿ ಕಳಿಸಿದರೂ ತೆರೆಯಲು ಹೊತ್ತು ಸಿಗದೆ ಹಾಗೆಯೇ ಮರಳಿ ಬರುವುದುಂಟು. ಇನ್ನು ದಶಲಕ್ಷಣ ಪರ್ವವು ಭಾದ್ರಪದ ಶುದ್ಧ ಪಂಚಮಿಗೆ, ಅಂದರೆ ಗಣೇಶ ಚೌತಿಯ ಮರುದಿನವೇ ಆರಂಭವಾಗುತ್ತದೆ. ಗಣಪತಿ ವಿಸರ್ಜನೆಯ ಬಂದೋಬಸ್ತಿನಲ್ಲಿ ಪೊಲೀಸರಿಗೆ ರಜೆಯೇ ಸಿಗದ ದಿನಗಳವು. ಅದು ಮುಗಿಯುವಷ್ಟರಲ್ಲಿ ಮೈಸೂರಿನಲ್ಲಿ ದಸರೆಯ ತಯಾರಿ.

1981, 1993, 2006 ಮತ್ತು 2018ರ ಮಹಾಮಸ್ತಕಾಭಿಷೇಕಗಳಲ್ಲಿ ಶ್ರವಣಬೆಳಗೊಳಕ್ಕೆ ಹೊರಜಿಲ್ಲೆಗಳಿಂದಲೂ ಪೊಲೀಸರು ಬಂದೋಬಸ್ತಿಗೆ ಹೋಗಿದ್ದರು. ಮನೆಯವರಲ್ಲಿ ಯಾರಾದರೂ ಅಲ್ಲಿ ಕರ್ತವ್ಯದಲ್ಲಿದ್ದರೆ ಯಾವ ದಿನ, ಎಲ್ಲಿ ನಿಂತಿದ್ದರು ಎಂದು ಕೇಳಿ ಬರೆದುಕೊಳ್ಳಿ. ಇಂಥ ವಿವರಗಳು ಹೆಚ್ಚಾಗಿ ನೆನಪಿರುವುದು ಮನೆಯ ಹಿರಿಯ ಹೆಂಗಸರಿಗೆ.

ದಾಖಲೆಗಳು ಎಲ್ಲಿ ಸಿಗುತ್ತವೆ?

ಮನೆಯಲ್ಲಿ: ಸೇವಾ ಪುಸ್ತಕದ ಪ್ರತಿ, ಪಿಂಚಣಿ ಆದೇಶ, ವರ್ಗಾವಣೆ ಆದೇಶಗಳು, ಪ್ರಶಂಸಾ ಪತ್ರ, ಪದಕ, ಬೀಳ್ಕೊಡುಗೆಯ ಗುಂಪು ಫೋಟೊ.

ಫೋಟೊದಿಂದ ಹುದ್ದೆ ತಿಳಿಯಲು: ತೋಳಿನಲ್ಲಿ ಮೂರು ಪಟ್ಟಿ ಇದ್ದರೆ ಮುಖ್ಯ ಪೇದೆ, ಭುಜದಲ್ಲಿ ಕೆಂಪು-ನೀಲಿ ರಿಬ್ಬನ್ನಿನೊಂದಿಗೆ ಒಂದು ನಕ್ಷತ್ರವಿದ್ದರೆ ಎಎಸ್‌ಐ, ಎರಡಿದ್ದರೆ ಪಿಎಸ್‌ಐ, ಮೂರಿದ್ದರೆ ಇನ್‌ಸ್ಪೆಕ್ಟರ್, ರಿಬ್ಬನ್ ಇಲ್ಲದ ಮೂರು ನಕ್ಷತ್ರ ಡಿವೈಎಸ್‌ಪಿಯವರದು.

ಹಳೆಯ ಮೈಸೂರು ಸಂಸ್ಥಾನ: ಅಧಿಕಾರಿಗಳ ನೇಮಕ, ಬಡ್ತಿ, ರಜೆಯ ವಿವರಗಳು ‘ಮೈಸೂರು ಗೆಜೆಟ್’ನಲ್ಲಿ ಅಚ್ಚಾಗುತ್ತಿದ್ದವು. ಸಂಸ್ಥಾನದ ಕಡತಗಳಿಗೆ ಬೆಂಗಳೂರಿನ ಕರ್ನಾಟಕ ರಾಜ್ಯ ಪತ್ರಾಗಾರ ಇಲಾಖೆ ಮತ್ತು ಅದರ ಮೈಸೂರು ವಿಭಾಗೀಯ ಕಚೇರಿಯನ್ನು ವಿಚಾರಿಸಬೇಕು.

ಪಟೇಲಿಕೆಯ ಮನೆತನಗಳು: 1963ರ ನಂತರ ಇನಾಮು ಜಮೀನನ್ನು ಹಿಂದಿನ ಹುದ್ದೆದಾರರಿಗೆ ಮರುಮಂಜೂರು ಮಾಡಿದ ಕಡತಗಳು ತಾಲ್ಲೂಕು ಕಚೇರಿಯಲ್ಲಿ ಇರುತ್ತವೆ. ಹಕ್ಕು ಸಾಬೀತಿಗೆ ಕೊಟ್ಟ ವಂಶವೃಕ್ಷ ಅದರೊಳಗೆ ಸಿಗಬಹುದು. ಮುಂಬೈ ಕರ್ನಾಟಕದವರು 1874ರ ವತನ ಕಾಯ್ದೆಯಡಿಯ ರಿಜಿಸ್ಟರುಗಳನ್ನು ನೋಡಬೇಕು.

ಏಕೀಕರಣಕ್ಕೆ ಮುಂಚಿನ ಹೊರ ದಾಖಲೆ: ದಕ್ಷಿಣ ಕನ್ನಡ ಮತ್ತು ಕಾಸರಗೋಡಿನವರಿಗೆ ಚೆನ್ನೈನ ಎಗ್ಮೋರಿನ ಪತ್ರಾಗಾರ, ಬೆಳಗಾವಿ, ಧಾರವಾಡದವರಿಗೆ ಮುಂಬೈ ಮತ್ತು ಪುಣೆ, ಬೀದರ್, ಕಲಬುರಗಿ, ರಾಯಚೂರಿನವರಿಗೆ ಹೈದರಾಬಾದ್.

ಶಾಸನಗಳು: ಮೈಸೂರು ವಿಶ್ವವಿದ್ಯಾನಿಲಯದ ಕುವೆಂಪು ಕನ್ನಡ ಅಧ್ಯಯನ ಸಂಸ್ಥೆ ಪ್ರಕಟಿಸಿದ ‘ಎಪಿಗ್ರಾಫಿಯ ಕರ್ನಾಟಿಕ’ ಪರಿಷ್ಕೃತ ಸಂಪುಟಗಳು, ಎರಡನೆಯದು ಶ್ರವಣಬೆಳಗೊಳದ್ದು.

ಬರೆಯುವಾಗ ಗಮನಿಸಬೇಕಾದದ್ದು

ಹಳೆಯ ಮೈಸೂರಿನವರಲ್ಲಿ ಅಡ್ಡಹೆಸರಿನ ರೂಢಿ ಕಡಿಮೆ. ಊರು ಮತ್ತು ತಂದೆಯ ಹೆಸರಿನ ಮೊದಲಕ್ಷರಗಳೇ ಗುರುತು. ಪದ್ಮರಾಜಯ್ಯ, ಧರಣೇಂದ್ರಯ್ಯನಂಥ ಹೆಸರುಗಳು ಅನೇಕರಿಗೆ ಇರುತ್ತವೆ. ಆದ್ದರಿಂದ ಊರು, ಹುಟ್ಟಿದ ವರ್ಷ, ಸೇವೆಗೆ ಸೇರಿದ ವರ್ಷ ಮೂರೂ ಹೊಂದಿಕೆಯಾದ ಮೇಲೆಯೇ ‘ಇವರು ನಮ್ಮವರು’ ಎಂದು ಬರೆಯಬೇಕು.

ಕೇಸ್ ಡೈರಿ, ಮಾಹಿತಿದಾರರ ಹೆಸರು, ಸಾಕ್ಷಿಗಳ ವಿವರ ಇಲಾಖೆಯ ಸ್ವತ್ತು. ಅಂಥವು ಮನೆಯಲ್ಲಿ ಸಿಕ್ಕರೂ ಪ್ರಕಟಿಸಬಾರದು. ಲೈಂಗಿಕ ಅಪರಾಧಗಳಲ್ಲಿ ನೊಂದವರ ಗುರುತು ಬಯಲು ಮಾಡುವುದು ಅಪರಾಧ. ಆರೋಪಿಯ ಮಕ್ಕಳು ಮೊಮ್ಮಕ್ಕಳೂ ಅದೇ ಊರಿನಲ್ಲಿ ಬಾಳುತ್ತಿರಬಹುದು. ಅಜ್ಜನ ಸಾಹಸ ಹೇಳುವಾಗ ಅವರ ಮನೆತನದ ಹೆಸರು ಬೇಕಿಲ್ಲ.

ನಿವೃತ್ತರಾದ ಹಿರಿಯರು ಇರುವಾಗಲೇ ಧ್ವನಿಮುದ್ರಣ ಮಾಡಿಕೊಳ್ಳುವುದು ಒಳ್ಳೆಯದು. ಮೊದಲ ಠಾಣೆ ಯಾವುದು, ಮೊದಲ ಸಂಬಳ ಎಷ್ಟು, ವಸತಿಗೃಹ ಹೇಗಿತ್ತು, ಯಾವ ಪ್ರಕರಣ ನಿದ್ದೆಗೆಡಿಸಿತು, ವ್ರತನಿಯಮಗಳಲ್ಲಿ ಯಾವುದು ನಡೆಯಿತು ಯಾವುದು ನಡೆಯಲಿಲ್ಲ, ಯಾರ ಮಾತಿಗೆ ಬಗ್ಗಲಿಲ್ಲ ಎಂದು ಕೇಳಿ. ಕೇಳಿದ್ದನ್ನು ಎರಡು ಪ್ರತಿ ಮಾಡಿ ಒಂದನ್ನು ಮನೆಯಲ್ಲಿಟ್ಟು ಇನ್ನೊಂದನ್ನು ಊರಿನ ಬಸದಿಯ ಗ್ರಂಥಭಂಡಾರಕ್ಕೋ ಗ್ರಂಥಾಲಯಕ್ಕೋ ಕೊಡಿ. ಗಂಗರಾಜನ ಮನೆಯ ಮಾತನ್ನು ಕಲ್ಲು ಉಳಿಸಿತು. ಪೇದೆ, ದಫೇದಾರರ ಮಾತನ್ನು ಅವರ ಮಕ್ಕಳೇ ಉಳಿಸಬೇಕು.